ಬಿಲ್ಕೀಸಬಿಯ ಹೆಪ್ಪೆಣ್ಣೆ

ಖಾನಾಪುರದ ಕಡೆಯಿಂದ ಬೆಳಗಿನ ಪ್ಯಾಸೆಂಜರ್ ರೈಲು ಬಂತೆಂದರೆ ಸ್ವಲ್ಪ ಹೊತ್ತಿಗೆ ನನ್ನ ಅಂಗಡಿಯ ಬಾಗಿಲಲ್ಲಿ ಬಿಲ್ಕೀಸಬಿ ನಿಂತಿರುತ್ತಾಳೆ. ಸಲ್ವಾರದ ಮೇಲೆ ಗಂಡಸರ ಖಾಕಿ ಅಂಗಿ, ಸೊಂಟಕ್ಕೆ ಬಿಗಿದ ಓಢಣಿ, ಕೈಯಲ್ಲಿ ಬುತ್ತಿಯ ಚೀಲ. "ಬಿಂದಣ್ಣಾ, ಇವತ್ತ ಎಣ್ಣಿ ಮಾರಾಕತ್ತೀರೋ, ನೀರ ಮಾರಾಕತ್ತೀರೋ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಬಂದು ಸ್ಟೂಲಿನ ಮೇಲೆ ಕೂಡುತ್ತಾಳೆ. ಗಿರಾಕಿಗಳು ನಗುತ್ತಾರೆ. ನನಗೆ ದಿನಾ ಸಿಟ್ಟು ಬರುತ್ತದೆ. ಆಕೆ ಬರದ ದಿನ ಅಂಗಡಿ ಭಣಭಣ ಅನ್ನಿಸುತ್ತದೆ ಎನ್ನುವುದು ಬೇರೆ ಮಾತು. ಅದನ್ನು ಆಕೆಗೆ ಹೇಳಿಲ್ಲ, ಹೇಳುವುದೂ ಇಲ್ಲ.

ನನ್ನ ಹೆಸರು ಬಿಂದುಮಾಧವ. ಬೆಳಗಾವಿಯ ಕ್ಯಾಂಪ್ ಬಡಾವಣೆಯ ಅಂಚಿನಲ್ಲಿ ನನ್ನದು ಎಣ್ಣೆಯ ಅಂಗಡಿ. ಅಡುಗೆ ಎಣ್ಣೆಯಲ್ಲ, ಗಾಡಿಯ ಎಣ್ಣೆ: ಎಂಜಿನ್ನಿನದು, ಗೇರಿನದು, ಬ್ರೇಕಿನದು, ಜೊತೆಗೆ ಗ್ರೀಸು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಇರಲಿ, ಅದೇ ಮೂಗು ಇಷ್ಟು ವರ್ಷ ಅನ್ನ ಹಾಕಿದೆ. ಡಬ್ಬಿಯ ಬಾಯಿ ತೆಗೆದರೆ ಸಾಕು, ಎಣ್ಣೆ ಅಸಲಿಯೋ ಕಲಬೆರಕೆಯೋ ಹೇಳುತ್ತೇನೆ. ಬಿಲ್ಕೀಸಬಿ ಮೂಗನ್ನು ನಂಬುವವಳಲ್ಲ. ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಕಣ್ಣು ಮುಚ್ಚಿ, "ಹೂಂ, ನಡೀತೈತಿ" ಎನ್ನುತ್ತಾಳೆ. ಇಲ್ಲವೆಂದರೆ ಗಿರಾಕಿಗಳ ಎದುರಿಗೇ, "ಇದನ್ನ ಒಯ್ದು ಬಾಗಲ ಬಿಜಾಗ್ರಿಗಿ ಬಿಡ್ರಿ" ಎಂದು ನನ್ನ ಮರ್ಯಾದೆ ತೆಗೆಯುತ್ತಾಳೆ.

ಆಕೆಯ ಕಸುಬು ಡಿಫರೆನ್ಶಿಯಲ್ ಕಟ್ಟುವುದು. ಗಾಡಿಯ ಹಿಂದಿನ ಎರಡು ಗಾಲಿಗಳ ನಡುವೆ, ಕೆಳಗೆ, ಕುಂಬಳಕಾಯಿಯಷ್ಟು ದಪ್ಪದ ಒಂದು ಕಬ್ಬಿಣದ ಗುಂಡು ಇರುತ್ತದಲ್ಲ, ಅದು. ಅದರೊಳಗೆ ಹಲ್ಲಿನ ಚಕ್ರಗಳಿರುತ್ತವೆ. ಎಣ್ಣೆ ಮಾರುತ್ತ ತಲೆ ನೆರೆತರೂ ಅದು ಏಕಿದೆ ಎಂದು ನಾನು ವಿಚಾರ ಮಾಡಿರಲಿಲ್ಲ. ಒಂದು ದಿನ ಬಿಲ್ಕೀಸಬಿಯೇ ಹೇಳಿದಳು.

"ಬಿಂದಣ್ಣಾ, ಇಬ್ಬರು ಮಲಗೂ ಹೊರಸು ಹೊತಗೊಂಡು ಓಣಿ ತಿರುಗೂದು ನೋಡೀರಿಲ್ಲ? ಒಳಗಿನ ಬಾಜೂದಾಂವ ನಿಂತಲ್ಲೇ ತಿರುಗ್ತಾನ, ಹೊರಗಿನ ಬಾಜೂದಾಂವ ಓಡಬೇಕಾಗ್ತೈತಿ. ಇಬ್ಬರೂ ಒಂದ ಹೆಜ್ಜಿ ಹಾಕಿದ್ರ ಹೊರಸು ಗ್ವಾಡಿಗಿ ಬಡೀತೈತಿ. ಗಾಲಿದೂ ಹಂಗ. ಯಾರು ಓಡಬೇಕು, ಯಾರು ತಡೀಬೇಕು ಅಂತ ಹೇಳಾಂವ ಒಬ್ಬ ಬೇಕಲ್ಲ? ಅಂವ ಈ ಗುಂಡಿನ್ಯಾಗ ಕುಂತಾನ."

ಅಂದಿನಿಂದ ನನಗೆ ಅದೊಂದು ಹುಚ್ಚು ಹತ್ತಿತು. ಅಂಗಡಿಯ ಎದುರಿನ ತಿರುವಿನಲ್ಲಿ ಬಸ್ಸು ತಿರುಗಿದರೆ ಗಾಲಿಗಳನ್ನೇ ನೋಡುತ್ತೇನೆ. ಒಳಗಿನದು ಮೆಲ್ಲಗೆ, ಹೊರಗಿನದು ಜೋರಾಗಿ, ಎರಡಕ್ಕೂ ಒಂದೇ ಎಂಜಿನ್ನಿನ ಬಲ. ಯಾರೂ ಹಗ್ಗ ಹಿಡಿದು ಎಳೆಯುವುದಿಲ್ಲ, ಯಾರೂ ಕೂಗಿ ಹೇಳುವುದಿಲ್ಲ. ಇಂಥದೊಂದು ಅದ್ಭುತ ದಿನಬೆಳಗಾದರೆ ನಮ್ಮ ಕಾಲಬುಡದಲ್ಲಿ ನಡೆಯುತ್ತಿದ್ದರೂ ಒಬ್ಬರೂ ನಿಂತು ನೋಡುವುದಿಲ್ಲ. ನನ್ನ ಹೆಂಡತಿ ಚಂದ್ರಭಾಗಾ, "ಇನ್ನು ಬಸ್ಸಿನ ಕೆಳಗ ಹೊಕ್ಕು ನೋಡ್ರಿ" ಎಂದು ನಗುತ್ತಾಳೆ.

ಬಿಲ್ಕೀಸಬಿಗೆ ಈ ವಿದ್ಯೆ ತಂದೆಯಿಂದ ಬಂದದ್ದು. ಅಲ್ಲಾಭಕ್ಷ ಮಿಸ್ತ್ರಿ ಎಂದರೆ ಒಂದು ಕಾಲಕ್ಕೆ ಗೋವಾ ಘಟ್ಟ ಇಳಿಯುವ ಲಾರಿಯವರೆಲ್ಲ ಇದೇ ಊರಿನ ಅನಗೋಳದ ಅವನ ಶೆಡ್ಡಿನ ಮುಂದೆ ಸಾಲು ಹಚ್ಚುತ್ತಿದ್ದರು. ಗಂಡುಮಕ್ಕಳಿಲ್ಲದ್ದಕ್ಕೆ ಮಗಳಿಗೆ ಕಲಿಸಿದ ಎಂದು ಜನ ಹೇಳುತ್ತಾರೆ. ಶುದ್ಧ ಸುಳ್ಳು. ಆಕೆಗೆ ಇಬ್ಬರು ಅಣ್ಣಂದಿರು. ಅವರಿಗೆ ಎಣ್ಣೆಯ ಕೈ ಸೇರಲಿಲ್ಲ, ಇಬ್ಬರೂ ಬಟ್ಟೆ ಅಂಗಡಿ ಹಾಕಿದರು. ಮಗಳು ಬುತ್ತಿ ಕೊಡಲು ಬಂದವಳು ಎದ್ದು ಹೋಗಲಿಲ್ಲ, ಅಷ್ಟೇ. ಮದುವೆಯ ಮಾತು ನಡೆದಾಗ ಆಕೆ ಹಾಕಿದ ಷರತ್ತು, ಅನಗೋಳದ ಶೆಡ್ಡಿಗೆ ದಿನಾ ಹೋಗಿಬರುವುದು. ಒಪ್ಪಿದವನು ಖಾನಾಪುರದ ಅಮ್ಜದ, ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದ ಮಿತಮಾತಿನ ಮನುಷ್ಯ. ಇಂದಿಗೂ ಬೆಳಗಿನ ರೊಟ್ಟಿ ಅವನೇ ಬಡಿಯುತ್ತಾನೆ. ಹೆಂಡತಿಯ ಪಾಲಿನ ಮಾತು ಹೆಂಡತಿ ಆಡುತ್ತಾಳೆ, ಅವನ ಪಾಲಿನದನ್ನೂ ಆಕೆಯೇ ಆಡುತ್ತಾಳೆ.

ಈಗ ಹೆಪ್ಪಿನ ವಿಷಯಕ್ಕೆ ಬರುತ್ತೇನೆ. ಅಲ್ಲಾಭಕ್ಷ ಮಿಸ್ತ್ರಿಗೆ ಒಂದು ಪದ್ಧತಿ ಇತ್ತು. ತಾನು ಕಟ್ಟಿದ ಲಾರಿ ಒಂದು ಮಳೆಗಾಲ ತಕರಾರಿಲ್ಲದೆ ಓಡಿ ಬಂದರೆ, ಅದರ ಡಿಫರೆನ್ಶಿಯಲ್ಲಿನಿಂದ ಒಂದು ಲೋಟ ಎಣ್ಣೆ ತೆಗೆದು ತಗಡಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದ. ಮುಂದೆ ಯಾವ ಗಾಡಿ ಕಟ್ಟಿದರೂ ಹೊಸ ಎಣ್ಣೆಯ ಜೊತೆಗೆ ಆ ಡಬ್ಬಿಯಿಂದ ಒಂದು ಚಮಚ. ಹಾಲಿಗೆ ಹೆಪ್ಪು ಹಾಕುತ್ತೇವಲ್ಲ, ಹಾಗೆ. ಚೊಲೋ ಓಡಿದ ಗಾಡಿಯ ಗುಣ ಹೊಸ ಗಾಡಿಗೆ ಹತ್ತಲಿ ಎಂದು. ಡಬ್ಬಿ ಖಾಲಿಯಾಗಲು ಬಿಟ್ಟಿಲ್ಲ, ತಂದೆಯೂ ಬಿಟ್ಟಿರಲಿಲ್ಲ, ಮಗಳೂ ಬಿಟ್ಟಿಲ್ಲ. ನಾನು ಸೀಲು ಒಡೆಯದ ಶುದ್ಧ ಎಣ್ಣೆ ಕೊಡುವುದು, ಆಕೆ ಅದಕ್ಕೆ ಸುಟ್ಟ ಕರಿ ಎಣ್ಣೆ ಬೆರೆಸುವುದು! ಈ ಒಂದು ಮಾತಿಗೆ ನಾವಿಬ್ಬರೂ ಎಷ್ಟು ಸಲ ಜಗಳಾಡಿದ್ದೇವೋ ಲೆಕ್ಕವಿಲ್ಲ. ಆದರೆ ಜಗಳ ಮುಗಿದು ಒಬ್ಬನೇ ಕೂತಾಗ ನನ್ನ ಮೈ ಜುಮ್ಮೆನ್ನುತ್ತಿತ್ತು. ಎಂದೋ ಗುಜರಿಗೆ ಹೋದ ಲಾರಿಯೊಂದರ ಎಣ್ಣೆಯ ಅಂಶ ಒಂದರಿಂದ ಇನ್ನೊಂದಕ್ಕೆ ಇಳಿಯುತ್ತ, ಇವತ್ತು ಘಟ್ಟ ಹತ್ತುತ್ತಿರುವ ಲಾರಿಯೊಳಗೆ ತಿರುಗುತ್ತಿದೆ. ಹಾಲುಣಿಸಿದ ಹಾಗೆ ಒಂದು ಡಬ್ಬಿ ಇಷ್ಟು ಗಾಡಿಗಳನ್ನು ಸಾಕಿದೆ.

ಕಳೆದ ವರ್ಷದಿಂದ ಬಿಲ್ಕೀಸಬಿಯ ಕೈಗೆ ಕುತ್ತು ಬಂತು. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು, ಈಗ ಅದು ಬೆರಳ ತುದಿಗೆ ಇಳಿಯಿತು. ಬೆರಳು ಜೋಮು ಹಿಡಿದಂತೆ, ಮುಟ್ಟಿದ್ದು ಗೊತ್ತೇ ಆಗದಂತೆ. ನನ್ನ ಅಂಗಡಿಯಲ್ಲಿ ಒಂದು ಬೆಳಿಗ್ಗೆ ಎಣ್ಣೆಯ ಹನಿ ತಿಕ್ಕಿದಳು, ಮತ್ತೆ ತಿಕ್ಕಿದಳು, ಆಮೇಲೆ ಏನೂ ಹೇಳದೆ ಕೈಯನ್ನು ಅಂಗಿಗೆ ಒರೆಸಿಕೊಂಡಳು. ಬೈಗುಳ ಬರಲಿಲ್ಲ. ಅಂಗಡಿಯಲ್ಲಿ ಅದೇ ಮೊದಲ ಸಲ ನನಗೆ ಹೆದರಿಕೆಯಾಯಿತು.

ಡಿಫರೆನ್ಶಿಯಲ್ ಕಟ್ಟುವವರಿಗೆ ಬೆರಳೇ ಎಲ್ಲ. ಎರಡು ಹಲ್ಲಿನ ಚಕ್ರಗಳ ನಡುವೆ ಕೂದಲೆಳೆಯಷ್ಟು ಸಡಿಲು ಇರಬೇಕು. ಹೆಚ್ಚಾದರೆ ಬಡಿಯುತ್ತದೆ, ಕಡಿಮೆಯಾದರೆ ಸುಡುತ್ತದೆ. ಆಕೆ ಕೆಲಸ ಕಡಿಮೆ ಮಾಡಿದಳು. ಅಮ್ಜದನ ತಮ್ಮ ಸರ್ಫರಾಜ ಒಳ್ಳೆಯ ಹುಡುಗ, ಟಯರಿನ ಧಂದೆ ಮಾಡುತ್ತಾನೆ. "ಭಾಭೀ, ಶೆಡ್ಡು ನಾನು ನೋಡ್ಕೋತೀನಿ, ನೀವು ಆರಾಮ ಕುಂದರ್ರಿ" ಎಂದು ಕೇಳಿದ್ದ. ಒಂದು ದಿನ ನನ್ನ ಅಂಗಡಿಯಲ್ಲಿಯೇ, ನಾಲ್ಕು ಜನರ ಎದುರು, ಆಕೆ ಅವನಿಗೆ ಮಾತು ಕೊಟ್ಟಳು.

"ಇನ್ನೊಂದು ಗಾಡಿ ಕಟ್ಟತೀನಿ. ಅದು ತಕರಾರ ಮಾಡಿ ತಿರುಗಿ ಬಂತಂದ್ರ ನನ್ನ ಕೈ ಸತ್ತಾವಂತ ತಿಳ್ಕೊ. ಆಮ್ಯಾಲ ಬಂದು ನಿನ್ನ ಟಯರ ಅಂಗಡಿಗಂತ ಶೆಡ್ಡಿಂದು ಅಳತಿ ತಗೊಂಡು ಹೋಗು."

ಆ ಇನ್ನೊಂದು ಗಾಡಿ ಬಂದದ್ದು ಮುಗ್ಧಾಳ ರೂಪದಲ್ಲಿ. ಮುಗ್ಧಾ ರಾಮತೀರ್ಥ ನಗರದ ಹುಡುಗಿ, ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ನೌಕರಿ. ರಜೆಯ ದಿನ ಹಳೆಯ ಜಿಪ್ಸಿ ಜೀಪು ತೆಗೆದುಕೊಂಡು ರ‍್ಯಾಲಿಗೆ ಹೋಗುತ್ತಾಳೆ. ಕಾಡಂಚಿನ ಮಣ್ಣುರಸ್ತೆಯಲ್ಲಿ, ಕೆಸರಿನಲ್ಲಿ, ಏರಿನಲ್ಲಿ ಒಬ್ಬೊಬ್ಬರಾಗಿ ಗಾಡಿ ಓಡಿಸಿ ಯಾರು ಬೇಗ ಮುಟ್ಟುತ್ತಾರೆ ಎಂದು ನೋಡುವ ಪಂದ್ಯ ಅದು. ಆ ಸಲ ರ‍್ಯಾಲಿ ಖಾನಾಪುರದ ಕಡೆ ಇತ್ತು, ಭಾನುವಾರ. ಅವಳ ಗಾಡಿಯ ಡಿಫರೆನ್ಶಿಯಲ್ ಹಲ್ಲು ಮುರಿದುಕೊಂಡಿತ್ತು. ಮತ್ತೆ ಅದು ಎಲ್ಲ ಗಾಡಿಯಂಥದಲ್ಲ. ಸಾಮಾನ್ಯ ಗಾಡಿ ಕೆಸರಿಗೆ ಬಿದ್ದರೆ ಒಂದು ಗಾಲಿ ಸುಮ್ಮನೆ ಗರಗರ ತಿರುಗುತ್ತದೆ, ಇನ್ನೊಂದು ಮುನಿಸಿಕೊಂಡು ನಿಲ್ಲುತ್ತದೆ. ಹಾಗಾಗದಿರಲಿ ಎಂದು ರ‍್ಯಾಲಿಯ ಗಾಡಿಯಲ್ಲಿ, ಗುಂಡಿನೊಳಗೆ ತೆಳುವಾದ ಪ್ಲೇಟುಗಳ ಒಂದು ಅಡಕು ಇಟ್ಟಿರುತ್ತಾರೆ. ಅವು ಒಂದನ್ನೊಂದು ಒತ್ತಿ ಹಿಡಿದು ಎರಡೂ ಗಾಲಿಯನ್ನು ಜೊತೆಗೆ ನಡೆಸುತ್ತವೆ, ತಿರುವು ಬಂದಾಗ ಮೆಲ್ಲಗೆ ಜಾರಿ ಬಿಡುತ್ತವೆ.

"ಮಾವಶಿ, ಇದಕ್ಕ ಬ್ಯಾರೇ ಎಣ್ಣಿ ಬೇಕು," ಎಂದಳು ಮುಗ್ಧಾ. "ಹಿಡಿಯಾಕೂ ಬೇಕು, ಜಾರಾಕೂ ಬೇಕು. ಸಾದಾ ಗೇರ್ ಎಣ್ಣಿ ಹಾಕಿದ್ರ ಪ್ಲೇಟು ಜಗ್ಗಾಡ್ತಾವು."

ಎಣ್ಣೆಯ ಜವಾಬ್ದಾರಿ ನಾನು ಹೊತ್ತೆ. ಬೆಳಗಾವಿಯಲ್ಲಿ ಎಲ್ಲಿಯೂ ಸಿಗಲಿಲ್ಲ. ಒಬ್ಬ ಇದೂ ಅದೇ ಎಂದು ಲಾರಿ ಎಣ್ಣೆಯ ಮೇಲೆ ಹೊಸ ಚೀಟಿ ಅಂಟಿಸಿ ಕೊಡಲು ಬಂದ. ಡಬ್ಬಿ ತೆಗೆಯುವ ಮೊದಲೇ ಅವನನ್ನು ಬೈದು ಕಳಿಸಿದೆ. ಕೊನೆಗೆ ಪುಣೆಯ ಪರಿಚಯದವರಿಗೆ ಹೇಳಿ ಬಸ್ಸಿನಲ್ಲಿ ತರಿಸಿದೆ. ಸೀಲು ಒಡೆದು ಮೂಸಿದೆ. ಎಂಥ ವಾಸನೆ! ಗೇರ್ ಎಣ್ಣೆಗೆ ಗಂಧಕದ ಘಾಟು ಇದ್ದೇ ಇರುತ್ತದೆ, ಇದರಲ್ಲಿ ಅದರ ಬೆನ್ನಿಗೆ ಇನ್ನೊಂದು ಮೆತ್ತನೆಯ ವಾಸನೆ, ತುಪ್ಪ ಕಾಸುವಾಗ ಕೊನೆಗೆ ಬರುತ್ತದಲ್ಲ ಅಂಥದು. ಹಿಡಿಯುವುದನ್ನೂ ಬಿಡುವುದನ್ನೂ ಒಂದೇ ಡಬ್ಬಿಯಲ್ಲಿ ತುಂಬಿದ ಪುಣ್ಯಾತ್ಮ ಯಾರೋ ಎಂದು ಬಹಳ ಹೊತ್ತು ಅದನ್ನೇ ಹಿಡಿದು ಕೂತಿದ್ದೆ.

ಬಿಲ್ಕೀಸಬಿ ಕಟ್ಟುವುದನ್ನು ನೋಡಲು ಶೆಡ್ಡಿಗೆ ಹೋದೆ. ಬೆರಳು ಕೈ ಕೊಟ್ಟ ಮೇಲೆ ಆಕೆ ಹೇಗೆ ಕಟ್ಟುತ್ತಾಳೆ ಎಂಬ ಕುತೂಹಲ ನನ್ನದು. ಆಕೆ ದೊಡ್ಡ ಹಲ್ಲಿನ ಚಕ್ರವನ್ನು ಅಂಗೈಯಿಂದ ಹಿಂದೆ ಮುಂದೆ ಅಲ್ಲಾಡಿಸುತ್ತ, ಬಗ್ಗಿ, ತನ್ನ ಗದ್ದವನ್ನು ಕಬ್ಬಿಣಕ್ಕೆ ಹಚ್ಚಿದಳು. ಕೆಳತುಟಿಯ ಕೆಳಗಿನ ಮೆತ್ತನೆಯ ಜಾಗ. ಕಣ್ಣು ಮುಚ್ಚಿತ್ತು. ಬೆರಳು ಹೋದರೆ ಹೋಗಲಿ ಎಂದು ಮೈಯ ಇನ್ನೊಂದು ಕಡೆಗೆ ಆ ವಿದ್ಯೆಯನ್ನು ಕರೆದುಕೊಂಡು ಬಂದಿದ್ದಳು! ಒಂದು ತೆಳುವಾದ ವಾಶರ್ ತೆಗೆದು ಇನ್ನೊಂದು ಹಾಕಿದಳು, ಮತ್ತೆ ಗದ್ದ ಹಚ್ಚಿದಳು, ತಲೆಯಾಡಿಸಿದಳು. ಮುಗ್ಧಾ ಕಾರ್ಖಾನೆಯಿಂದ ತಂದಿದ್ದ ಅಳತೆಯ ಗಡಿಯಾರವನ್ನು ಹಚ್ಚಿ ನೋಡಿದರೆ ಮುಳ್ಳು ನಿಲ್ಲಬೇಕಾದಲ್ಲೇ ನಿಂತಿತು. ಬಿಲ್ಕೀಸಬಿ ಗದ್ದದ ಎಣ್ಣೆ ಒರೆಸಿಕೊಳ್ಳುವುದನ್ನೂ ಮರೆತು ನಕ್ಕಳು.

"ಮನ್ಯಾಗ ಅಮ್ಜದ ದಿನಾ ಕೇಳ್ತಾರು, ಗಾಡಿ ರಿಪೇರಿ ಮಾಡ್ತೀಯೋ, ಗಾಡಿ ಮುದ್ದ ಮಾಡ್ತೀಯೋ ಅಂತ!"

ಪ್ಲೇಟುಗಳನ್ನು ಕಟ್ಟುವ ಮೊದಲು ಎಣ್ಣೆಯಲ್ಲಿ ನೆನೆಹಾಕಬೇಕು. ಅದನ್ನು ನಾನು ನೋಡಲಿಲ್ಲ. ಮರುದಿನ ಗುಂಡು ಮುಚ್ಚಿ, ಪುಣೆಯ ಎಣ್ಣೆ ತುಂಬಿ, ಗಾಡಿ ಸಿದ್ಧವಾಯಿತು ಎಂದು ಕರೆ ಬಂತು. ಗುರುವಾರ ಮಧ್ಯಾಹ್ನ ಅನಗೋಳದ ಹೊರಗಿನ ಖಾಲಿ ಜಾಗದಲ್ಲಿ ಮುಗ್ಧಾ ಗಾಡಿಯನ್ನು ಹೊರಳಿಸಿದಳು.

ನೇರ ಹೋದಾಗ ಚೆನ್ನಾಗಿತ್ತು. ತಿರುಗಿಸಿದ ಕೂಡಲೇ ಹೊಟ್ಟೆಯೊಳಗಿಂದ ಗುರ್ರ್ ಎಂದಿತು. ಆಮೇಲೆ ಕಟಕಟ ಜಗ್ಗಾಟ. ಇಡೀ ಗಾಡಿ ಮೊಂಡು ಎತ್ತಿನಂತೆ ತಡೆತಡೆದು ತಿರುಗಿತು. ಮುಗ್ಧಾ ನಿಲ್ಲಿಸಿ ಇಳಿದಳು. ಯಾರ ಮುಖವನ್ನೂ ನೋಡದೆ, "ಕಾಕಾ, ಎಣ್ಣಿ ಬ್ಯಾರೇ ಬಂದಿರಬೇಕೇನು?" ಎಂದು ನನ್ನನ್ನು ಕೇಳಿದಳು. ನಾನು ಉರಿದುಬಿದ್ದೆ. ಸೀಲು ನಾನೇ ಒಡೆದದ್ದು, ನಾನೇ ಮೂಸಿದ್ದು, ನನ್ನ ಎಣ್ಣೆಯ ಮೇಲೆ ಬೊಟ್ಟು ಮಾಡಬ್ಯಾಡ ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನಾನು ಹೇಳಿದ್ದು ಏನೆಂದು ನನಗೇ ಹೊಳೆಯಿತು. ಎಣ್ಣೆ ತಪ್ಪಲ್ಲವೆಂದರೆ ತಪ್ಪು ಇನ್ನಾರದು?

ಬಿಲ್ಕೀಸಬಿ ಬೈಯಲಿಲ್ಲ. ನನ್ನ ಎಣ್ಣೆಯನ್ನು ನೀರು ಎನ್ನಲಿಲ್ಲ. ಕೈಗಳನ್ನು ಮುಂದೆ ಚಾಚಿ ಒಮ್ಮೆ ನೋಡಿಕೊಂಡು, ಅಂಗಿಯ ಕಿಸೆಗೆ ಹಾಕಿಕೊಂಡಳು. ಸರ್ಫರಾಜನಿಗೆ ತಾನೇ ಫೋನು ಮಾಡಿ ಸೋಮವಾರ ಅಳತೆಗೆ ಬಾ ಎಂದಳು. ಆಮೇಲೆ ಸ್ಟೇಷನ್ನಿನ ಕಡೆ ನಡೆದುಹೋದಳು. ಹಿಂದಿನಿಂದ ಕರೆದರೂ ತಿರುಗಿ ನೋಡಲಿಲ್ಲ.

ಶುಕ್ರವಾರ ಬೆಳಗಿನ ಪ್ಯಾಸೆಂಜರ್ ಬಂತು, ಬಿಲ್ಕೀಸಬಿ ಬರಲಿಲ್ಲ. ನಾನು ಅಂಗಡಿಯ ಬಾಗಿಲು ಎಳೆದು ಅನಗೋಳಕ್ಕೆ ಹೋದೆ. ಮುಗ್ಧಾ ರಜೆ ಹಾಕಿ ಶೆಡ್ಡಿನಲ್ಲಿ ತಾನೇ ಗುಂಡು ಬಿಚ್ಚುತ್ತಿದ್ದಳು. ಕೆಳಗೆ ಇಳಿದ ಎಣ್ಣೆಯನ್ನು ಮೂಸಿದೆ. ನಾನು ಕೊಟ್ಟದ್ದೇ. ಒಂದು ಪ್ಲೇಟು ತೆಗೆದು ಕೊಡು ಎಂದೆ. ಒರೆಸಿ ಮೂಗಿಗೆ ಹಿಡಿದೆ. ಆ ತುಪ್ಪದ ವಾಸನೆ ಇತ್ತು, ಆದರೆ ಅದರಡಿಯಲ್ಲಿ, ಪ್ಲೇಟಿನ ಮೇಲ್ಪದರದ ಒಳಗೆ ಇಂಗಿದಂತೆ, ಇನ್ನೊಂದು ಇತ್ತು. ಹಳೆಯದು, ಸುಟ್ಟದ್ದು, ಘಟ್ಟ ಹತ್ತಿ ಬಂದ ಲಾರಿಯದು. ಮೂಲೆಯಲ್ಲಿ ಪ್ಲೇಟು ನೆನೆಹಾಕಿದ್ದ ಪರಾತ ಇನ್ನೂ ಬಿದ್ದಿತ್ತು. ಅದರ ತಳದಲ್ಲಿ ಕರಿ ಎಣ್ಣೆ. ಶೆಲ್ಫಿನ ಮೇಲಿನ ತಗಡಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿದೆ. ಅದೇ!

"ಮುಗ್ಧಾ, ಆಕಿ ಪ್ಲೇಟು ಹೆಪ್ಪಿನ್ಯಾಗ ನೆನಿಹಾಕ್ಯಾಳ!" ಎಂದು ಕೂಗಿದೆ.

ತನ್ನ ಮರ್ಯಾದೆ ಪಣಕ್ಕಿಟ್ಟ ಗಾಡಿ, ಕೊನೆಯದಿದ್ದರೂ ಇರಬಹುದು, ಒಂದು ಚಮಚ ಸಾಲದು ಎಂದು ಆಕೆ ತಂದೆಯ ಎಣ್ಣೆಯಲ್ಲಿಯೇ ಪ್ಲೇಟುಗಳನ್ನು ಮುಳುಗಿಸಿದ್ದಳು. ಲಾರಿಗೆ ಅದರಿಂದ ಏನೂ ಆಗುವುದಿಲ್ಲ, ಲಾರಿಯಲ್ಲಿ ಪ್ಲೇಟುಗಳೇ ಇಲ್ಲ. ಇಲ್ಲಿ ಮಾತ್ರ ಪ್ಲೇಟುಗಳು ಲಾರಿ ಎಣ್ಣೆಯನ್ನು ಹೊಟ್ಟೆ ತುಂಬ ಕುಡಿದು ಕೂತಿದ್ದವು. ಮೇಲೆ ಎಷ್ಟು ಹೊಸ ಎಣ್ಣೆ ಸುರಿದರೂ ಒಳಗೆ ಹೋಗಲು ಜಾಗವೇ ಇರಲಿಲ್ಲ. ಹಿಡಿಯುತ್ತಿದ್ದವು, ಜಾರುತ್ತಿರಲಿಲ್ಲ.

ಪ್ಲೇಟುಗಳನ್ನು ಬಟ್ಟೆಯಲ್ಲಿ ಸುತ್ತಿ, ಮುಗ್ಧಾಳ ಸ್ಕೂಟರಿನ ಹಿಂದೆ ಜೀವ ಕೈಯಲ್ಲಿ ಹಿಡಿದು ಕೂತು ಖಾನಾಪುರಕ್ಕೆ ಹೋದೆ. ರ‍್ಯಾಲಿಯವಳ ಹಿಂದೆ ಕೂಡುವ ವಯಸ್ಸು ನನ್ನದಲ್ಲ, ಅದಿರಲಿ.

ಬಿಲ್ಕೀಸಬಿ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಅಮ್ಜದ ಬಾಜು ಬಳ್ಳೊಳ್ಳಿ ಸುಲಿಯುತ್ತಿದ್ದ. ನಾನು ಖುಷಿಯಿಂದ ಒಂದೇ ಉಸಿರಿಗೆ ಎಲ್ಲ ಹೇಳಿದೆ. ನಿನ್ನ ಕೈ ಸತ್ತಿಲ್ಲ, ಹೆಪ್ಪೆಣ್ಣೆ ಹೀಗೆ ಮಾಡಿದೆ, ಪ್ಲೇಟು ತೊಳೆದು ಮತ್ತೆ ಕಟ್ಟು ಎಂದೆ. ಆಕೆ ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಆಕೆಯ ಮುಖ ಕಪ್ಪಿಟ್ಟಿತು.

"ಅಬ್ಬಾನ ಎಣ್ಣಿ ತಪ್ಪಂತೀರೇನ್ರಿ?"

"ಲಾರಿಗಿ ಅದು ಅಮೃತ. ಈ ಗಾಡಿಗಿ ಅಲ್ಲ."

"ಆ ಎಣ್ಣಿ ಯಾವ ಗಾಡಿನೂ ಕೆಡಿಸಿಲ್ಲ. ನನ್ನ ಕೈ ಕೆಟ್ಟಾವು. ಅದಕ್ಕ ಹಿಂಗಾಗೇತಿ. ಕೈ ಕೆಟ್ಟದ್ದಕ್ಕ ಅಬ್ಬಾನ ಹೆಸರು ಯಾಕ ತರ್ತೀರಿ?"

"ಏ, ನಿನಗ ತಲಿ ಅದ ಏನು?" ನನ್ನ ಸಿಟ್ಟು ನೆತ್ತಿಗೇರಿತು. "ನಿನ್ನ ಕೈ ಚೊಲೋ ಅದಾವಂತ ಹೇಳಾಕ ಇಷ್ಟ ದೂರ ಬಂದೀನಿ, ನೀ ಕೆಟ್ಟಾವಂತ ಜಗಳಾಡ್ತಿ!"

"ಹೂಂ, ಜಗಳಾಡ್ತೀನಿ. ಹೆಪ್ಪಿಲ್ಲದ ಒಂದ ಗಾಡಿನೂ ಆ ಶೆಡ್ಡಿನಿಂದ ಹೊರಗ ಹೋಗಿಲ್ಲ. ಶೆಡ್ಡು ಹೋಗಲಿ, ಕೊಟ್ಟಬಿಡ್ತೀನಿ. ಅದನ್ನ ಮಾತ್ರ ನಾ ಮಾಡಂಗಿಲ್ಲ."

ಆಕೆಗೆ ಎರಡರಲ್ಲಿ ಒಂದು ಬಿಡಬೇಕಾಗಿತ್ತು, ತನ್ನ ಕೈಯನ್ನು ಇಲ್ಲವೇ ತಂದೆಯ ಎಣ್ಣೆಯನ್ನು. ಆಕೆ ಕೈಯನ್ನು ಬಿಡಲು ತಯಾರಾಗಿ ಕೂತಿದ್ದಳು. ಜೀವಮಾನದ ಕಸುಬನ್ನು ಹೀಗೆ ಬಳ್ಳೊಳ್ಳಿಯ ಸಿಪ್ಪೆಯ ಹಾಗೆ ಊದಿಬಿಡುವಷ್ಟು ಪ್ರೀತಿ ತಂದೆಯ ಮೇಲೆ! ನನಗೆ ಸಿಟ್ಟೂ ಬಂತು, ಕೈ ಮುಗಿಯಬೇಕೆಂದೂ ಅನ್ನಿಸಿತು. ಮುಗ್ಧಾ ಕಣ್ಣು ತುಂಬಿಕೊಂಡು ನಿಂತಿದ್ದಳು.

ಆಗ ಅಮ್ಜದ ಬಳ್ಳೊಳ್ಳಿಯ ಮೊರ ಕೆಳಗಿಟ್ಟ. ಅವನು ನಮ್ಮೆದುರು ಮಾತಾಡಿದ್ದು ಕಡಿಮೆ.

"ಬಿಲ್ಕೀಸ, ಒಂದ ಮಾತ ಕೇಳ್ತೀನಿ. ನಿನ್ನ ಅಬ್ಬಾ ತಮ್ಮ ಮೊದಲನೇ ಲಾರಿ ಕಟ್ಟಿದ್ರಲ್ಲ, ಅದಕ್ಕ ಹೆಪ್ಪು ಎಲ್ಲಿಂದ ತಂದಿದ್ರು?"

ನಾನು ಇಷ್ಟು ವರ್ಷ ಆ ಎಣ್ಣೆಯ ಬಗ್ಗೆ ಜಗಳಾಡಿದ್ದೇನೆ, ಬೆರಗಾಗಿದ್ದೇನೆ, ಈ ಪ್ರಶ್ನೆ ನನ್ನ ತಲೆಗೂ ಬಂದಿರಲಿಲ್ಲ. ಡಬ್ಬಿಯೇ ಇರದ ಒಂದು ದಿನ, ಹುಡುಗ ಅಲ್ಲಾಭಕ್ಷ ಒಬ್ಬನೇ, ಬರಿಗೈಯಲ್ಲಿ, ಯಾವ ಹಳೆಯ ಗುಣದ ಆಸರೆಯೂ ಇಲ್ಲದೆ ಒಂದು ಲಾರಿ ಕ‌ಟ್ಟಿರಲೇಬೇಕು. ಅದು ಓಡಿತು, ಅದಕ್ಕೇ ಡಬ್ಬಿ ತುಂಬಿತು. ಹಿತ್ತಲಲ್ಲಿ ನಮ್ಮ ನಾಲ್ವರಿಗೂ ಆ ಹುಡುಗ ಕಣ್ಣಿಗೆ ಕಟ್ಟಿದಂತಾಯಿತು.

ಬಿಲ್ಕೀಸಬಿ ಕೈ ಚಾಚಿದಳು. "ತರ್ರಿ ಆ ಪ್ಲೇಟು," ಎಂದಳು.

ಪ್ಲೇಟುಗಳನ್ನು ಆಕೆ ಪೆಟ್ರೋಲಿನಲ್ಲಿ ತೊಳೆದಳು, ಒಣಗಿಸಿದಳು, ಮತ್ತೆ ತೊಳೆದಳು. ಪ್ರತಿ ಸಲ ನನ್ನ ಮೂಗಿಗೆ ಹಿಡಿದು, "ಹೇಳ್ರಿ" ಎನ್ನುವುದು, ನಾನು ಇನ್ನೂ ಇದೆ ಎನ್ನುವುದು. ಲಾರಿಯ ವಾಸನೆ ಹೋದಾಗ ಬಿಸಿಲು ಇಳಿದಿತ್ತು. ಅವುಗಳನ್ನು ನಾನೂ ಮುಗ್ಧಾಳೂ ಶೆಡ್ಡಿಗೆ ಒಯ್ದು, ಉಳಿದಿದ್ದ ಪುಣೆಯ ಎಣ್ಣೆಯಲ್ಲಿ ಮುಳುಗಿಸಿಟ್ಟೆವು. ಶನಿವಾರ ಬೆಳಿಗ್ಗೆ ಆಕೆ ಪ್ಯಾಸೆಂಜರಿನಲ್ಲಿ ಬಂದು, ಶೆಡ್ಡಿನಲ್ಲಿ ಕೂತು, ಗುಂಡನ್ನು ಮೊದಲಿನಿಂದ ಕಟ್ಟಿದಳು. ಮುಚ್ಚಳ ಹಾಕುವ ಮುನ್ನ ಕೈ ತಾನಾಗಿ ಶೆಲ್ಫಿನ ಕಡೆ ಹೋಯಿತು. ನಾನು ನೋಡಿದೆ. ಕೈ ಗಾಳಿಯಲ್ಲಿಯೇ ನಿಂತಿತು. ಬಿಸ್ಮಿಲ್ಲಾ ಎಂದು ಹೇಳಿ ಮುಚ್ಚಳ ಹಾಕಿ ಬೋಲ್ಟು ಬಿಗಿದಳು.

ಪರೀಕ್ಷೆಗೆ ಆಕೆಯೇ ಜಾಗ ಹೇಳಿದಳು, ಗಾಡಿಯನ್ನು ಲಾರಿಯಲ್ಲಿ ಹೇರಿ ಅಲ್ಲಿಗೆ ಒಯ್ದೆವು. ಖಾನಾಪುರದ ಹೊರಗೆ, ಅಮ್ಜದ ದುಡಿದ ಹಂಚಿನ ಕಾರ್ಖಾನೆಯ ಅಂಗಳ. ಕಾರ್ಖಾನೆ ಮುಚ್ಚಿದೆ, ಅಂಗಳ ಮಾತ್ರ ವಿಶಾಲವಾಗಿ ಕೆಂಪಗೆ ಬಿದ್ದಿದೆ. ಹಿಂದಿನ ರಾತ್ರಿಯ ಮಳೆಗೆ ಮಣ್ಣು ಹಸಿಯಾಗಿತ್ತು. ಮುಗ್ಧಾ ಸ್ಟೇರಿಂಗಿಗೆ ಕೂತಳು. ಬಿಲ್ಕೀಸಬಿ ಮುಂದಿನ ಸೀಟು ಬೇಡವೆಂದಳು. ರ‍್ಯಾಲಿಯ ಗಾಡಿಗೆ ಹಿಂದೆ ಸೀಟಿರುವುದಿಲ್ಲ, ಬರಿಯ ತಗಡು. ಅದರ ಮೇಲೆ, ಸರಿಯಾಗಿ ಗುಂಡಿನ ನೆತ್ತಿಗೆ, ಕಾಲು ಮಡಚಿ ಕೂತು ಎರಡೂ ಅಂಗೈಯನ್ನು ತಗಡಿಗೆ ಒತ್ತಿದಳು.

ಗಾಡಿ ದೊಡ್ಡ ಸುತ್ತು ಹಾಕಿತು, ಸಣ್ಣ ಸುತ್ತು ಹಾಕಿತು, ಕೊನೆಗೆ ನಿಂತಲ್ಲೇ ತಿರುಗುವಷ್ಟು ಬಿಗಿಯಾಗಿ ತಿರುಗಿತು. ಎಂಜಿನ್ನಿನ ಸದ್ದೊಂದೇ ಕೇಳಿತು. ಗಾಡಿ ನಿಂತಿತು. ಬಿಲ್ಕೀಸಬಿ ಇಳಿಯಲಿಲ್ಲ.

ನಾನೂ ಅಮ್ಜದನೂ ಓಡಿದೆವು. ಆಕೆ ಕೂತಲ್ಲೇ ಕೂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

"ಕೈಗೆ ಏನೂ ಹತ್ತಲಿಲ್ಲ, ಬಿಂದಣ್ಣಾ," ಎಂದಳು. "ಏನೂ ಅಂದ್ರ ಏನೂ ಇಲ್ಲ. ಖರೇನ ಸತ್ತಾವು."

ಮುಗ್ಧಾ ಮುಂದಿನಿಂದ ತಿರುಗಿದಳು. "ಮಾವಶಿ, ನನಗೂ ಏನೂ ಹತ್ತಲಿಲ್ಲ. ಹತ್ತಾಕ ಅಲ್ಲಿ ಏನೂ ಇಲ್ಲ."

ಬಿಲ್ಕೀಸಬಿ ನಂಬಲಿಲ್ಲ. ಹುಡುಗಿ ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಂಡಳು. ಅಮ್ಜದ ಹಿಂದಿನಿಂದ ಹತ್ತಿ ಆಕೆಯ ಎದುರು ಕೂತ. ಭಟ್ಟಿಯ ಗೋಡೆ ಮುಟ್ಟಿ ಒಳಗಿನ ಬೆಂಕಿ ಹೇಳುತ್ತಿದ್ದ ತನ್ನ ಕೈಯನ್ನು ಆಕೆಯ ಕೈಯ ಬಾಜು ತಗಡಿಗೆ ಇಟ್ಟ. ಗಾಡಿ ಮತ್ತೆ ಹೊರಟಿತು.

ಆ ಅಂಗಳದಲ್ಲಿ ನಾನೊಬ್ಬನೇ ನಿಂತು ನೋಡಿದೆ. ಒಳಗಿನ ಗಾಲಿ ಹೆಜ್ಜೆ ಕಿತ್ತಿಡುವಷ್ಟು ನಿಧಾನ, ಹೊರಗಿನದು ಕೆಂಪು ಮಣ್ಣು ಚಿಮ್ಮಿಸುತ್ತ ಓಟ. ನಡುವೆ ಆ ಗುಂಡಿನ ಕತ್ತಲೆಯಲ್ಲಿ ತೆಳುವಾದ ಪ್ಲೇಟುಗಳು ಹಿಡಿಯುತ್ತಿವೆ, ಬಿಡುತ್ತಿವೆ, ಮತ್ತೆ ಹಿಡಿಯುತ್ತಿವೆ, ಒಂದು ಚೂರು ಸದ್ದಿಲ್ಲದೆ. ಅದರ ಮೇಲೆ ಗಂಡ ಹೆಂಡತಿ ಕಾಲು ಮಡಚಿ ಎದುರುಬದುರು ಕೂತು ಸುತ್ತುತ್ತಿದ್ದಾರೆ. ನನಗೇ ಅರಿವಿಲ್ಲದೆ ನಾನು ಚಪ್ಪಲಿ ಕಳಚಿ ನಿಂತಿದ್ದೆ.

ಗಾಡಿ ನಿಂತಾಗ ಅಮ್ಜದ ಹೆಂಡತಿಯನ್ನು ನೋಡಿದ.

"ಏನೂ ಇಲ್ಲ, ಬಿಲ್ಕೀಸ."

ಅವನು ಸುಳ್ಳು ಹೇಳುವ ಮನುಷ್ಯನಲ್ಲ, ಅಷ್ಟೊಂದು ಮಾತೇ ಅವನಲ್ಲಿಲ್ಲ. ಆಕೆ ಅವನ ಅಂಗೈಯನ್ನು ಎತ್ತಿ ಹಿಂದೆ ಮುಂದೆ ನೋಡಿದಳು, ತನ್ನ ಕೈಗಳನ್ನು ನೋಡಿದಳು. ಆಮೇಲೆ ಪೇಟೆಯನ್ನೆಲ್ಲ ಬೈಯುವ ಆ ದೊಡ್ಡ ದನಿಯಲ್ಲಿ ಅತ್ತಳು. ಕಾರ್ಖಾನೆಯ ಖಾಲಿ ಗೋಡೆಗಳಿಗೆಲ್ಲ ಕೇಳುವ ಹಾಗೆ ಅತ್ತಳು. ಮುಗ್ಧಾ ಅತ್ತಳು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ?

ಕಣ್ಣು ಒರೆಸಿಕೊಂಡು ಬಿಲ್ಕೀಸಬಿ ಗಂಡನ ಕಡೆ ತಿರುಗಿದಳು.

"ಸರ್ಫರಾಜಗ ಫೋನ್ ಹಚ್ಚರಿ. ಸೋಮವಾರ ಅಳತಿಗಿ ಬರೂದು ಬ್ಯಾಡಂತ ಹೇಳ್ರಿ. ನನಗ ಕೆಲಸ ಐತಿ."